ಹದಿನಾಲ್ಕನೇ ನಂಬರ್ ಮೆಷಿನ್

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಉಮಾಮಹೇಶ್ವರಿ ಮೇಡಂ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬಂದು, ಹದಿನಾಲ್ಕನೇ ನಂಬರ್ ಮೆಷಿನ್ನಿನ ಮುಂದೆ ಕುಳಿತು, ಹಿಂದಿನ ದಿನ ತಾವೇ ಕೈಯಾರೆ ಹಾಕಿದ್ದ ನಂಪೈಯನ್ನು ಕರೆದರು. ಅಂಥ ಹೆಸರಿನದು ಇಲ್ಲಿ ಯಾವುದೂ ಇಲ್ಲ ಎಂದು ಮೆಷಿನ್ನು ಕೆಂಪಕ್ಷರದಲ್ಲಿ ಹೇಳಿತು. ಹೇಳಿದ ರೀತಿ ನೋಡಿದರೆ ಇವರನ್ನು ಹಿಂದೆಂದೂ ಕಂಡೇ ಇಲ್ಲವೇನೋ ಅನ್ನುವ ಹಾಗಿತ್ತು.

ನಂಪೈ ಎನ್ನುವುದು ಪೈಥಾನ್ ಭಾಷೆಗೆ ಹೊರಗಿನಿಂದ ತಂದು ಸೇರಿಸಿಕೊಳ್ಳಬೇಕಾದ ಲೆಕ್ಕದ ಸಲಕರಣೆ. ಇಂಟರ್ನೆಟ್ಟಿನಿಂದ ಇಳಿಸಿ ಒಂದು ಸಲ ಮೆಷಿನ್ನಿಗೆ ಹಾಕಿದರೆ ಮುಗಿಯಿತು, ಅದು ಅಲ್ಲೇ ಬಿದ್ದಿರಬೇಕು. ನಲವತ್ತು ಮಕ್ಕಳ ಅಂಕಗಳನ್ನು ಒಟ್ಟಿಗೆ ಅದರ ಕೈಗೆ ಕೊಟ್ಟರೆ ಸರಾಸರಿ, ಅದರಿಂದ ಅಂಕಗಳು ಎಷ್ಟು ಚದುರಿವೆ ಎನ್ನುವ ವಿಚಲನೆ ಎಲ್ಲವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತದೆ. ಅದಿಲ್ಲದೆ ಹೊಸ ಸಿಲಬಸ್ಸಿನ ಪ್ರಾಕ್ಟಿಕಲ್ಲಿನಲ್ಲಿ ಮೊದಲನೇ ಪ್ರಯೋಗವೂ ಮುಂದೆ ಹೋಗುವುದಿಲ್ಲ. ಮುಂದಿನ ಸೋಮವಾರ ಮೊದಲ ಕ್ಲಾಸು.

ಜಯನಗರದ ಆ ಕಾಲೇಜಿನಲ್ಲಿ ಉಮಾಮಹೇಶ್ವರಿ ಮೂವತ್ತೊಂದು ವರ್ಷದಿಂದ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದರು. ಮೊನ್ನೆಮೊನ್ನೆಯವರೆಗೂ ಅವರ ಪ್ರಾಕ್ಟಿಕಲ್ ಎಂದರೆ ಕ್ಯಾಲ್ಕುಲೇಟರು, ಗ್ರಾಫ್ ಹಾಳೆ, ಮೊನಚಾದ ಪೆನ್ಸಿಲ್ಲು, ಅಷ್ಟೇ. ಈ ವರ್ಷ ಎಲ್ಲವೂ ಪೈಥಾನಿನಲ್ಲೇ ಆಗಬೇಕೆಂದು ಬಂದಾಗ ಪ್ರಿನ್ಸಿಪಾಲ್ ಅನಂತರಾಮು ತಮ್ಮ ಕೋಣೆಗೆ ಕರೆಸಿ, "ಕಷ್ಟ ಆದ್ರೆ ಹೇಳಿಬಿಡಿ ಮೇಡಂ. ಪ್ರಾಕ್ಟಿಕಲ್ಲನ್ನ ಆಶ್ರಿತ್‌ಗೆ ಕೊಟ್ಟು, ನಿಮಗೆ ಬಿಕಾಂನ ಬಿಸಿನೆಸ್ ಮ್ಯಾಥ್ಸ್ ಕೊಡ್ತೀನಿ. ಇನ್ನೇನು ನಾಲ್ಕು ವರ್ಷ ಸರ್ವೀಸು, ಆರಾಮಾಗಿರಿ" ಎಂದಿದ್ದರು. ಆಶ್ರಿತ್ ಜೂನ್‌ನಲ್ಲಿ ಅವರದೇ ವಿಭಾಗಕ್ಕೆ ಸೇರಿದ ಗೆಸ್ಟ್ ಲೆಕ್ಚರರು, ಒಳ್ಳೆಯ ಹುಡುಗ. ಪ್ರಿನ್ಸಿಪಾಲರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ 'ಆರಾಮಾಗಿರಿ' ಎಂಬ ಮಾತು ಉಮಾಮಹೇಶ್ವರಿಯವರಿಗೆ ಸರಿಯಾಗಿ ಚುಚ್ಚಿತು. ನಾನೇ ಮಾಡ್ತೀನಿ ಸಾರ್ ಎಂದು ಎದ್ದು ಬಂದರು.

ಸೆಮಿಸ್ಟರ್ ರಜೆಯಿಡೀ ಕೂತು ಕಲಿತರು. ಯಾರನ್ನೂ ಕೇಳಲಿಲ್ಲ. ಕಲಿಸುವವಳು ಇನ್ನೊಬ್ಬರನ್ನು ಕೇಳುವುದೇ ಎಂಬ ಬಿಗುಮಾನ ಅವರಿಗೆ ಮೊದಲಿನಿಂದಲೂ ಒಂದು ಚೂರು ಜಾಸ್ತಿ. ಮನೆಯ ಲ್ಯಾಪ್‌ಟಾಪಿಗೆ ಪೈಥಾನ್ ಹಾಕುವಾಗ ಕಿಟಕಿಯ ತೀರಾ ಕೆಳಗಡೆ ಇದ್ದ ಚಿಕ್ಕ ಚೌಕಕ್ಕೆ ಟಿಕ್ ಮಾಡುವುದು ಬಿಟ್ಟುಹೋಗಿ, ಎರಡು ದಿನ ಏನು ಟೈಪ್ ಮಾಡಿದರೂ ಅದು ತನಗೆ ಗೊತ್ತೇ ಇಲ್ಲ ಎನ್ನುತ್ತಿತ್ತು. ಕೊನೆಗೆ ಎಲ್ಲವನ್ನೂ ತೆಗೆದುಹಾಕಿ, ಮೊದಲಿನಿಂದ ಹಾಕಿ, ಆ ಟಿಕ್ ಕಂಡುಹಿಡಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಯಾತಕ್ಕೆ ಪಾಯಸವೆಂದು ಅಮ್ಮ ಕೇಳಿದ್ದಕ್ಕೆ ಟಿಕ್ ಸಿಕ್ಕಿತು ಎಂದಿದ್ದರು. ಅಮ್ಮನೂ ಸಂತೋಷಪಟ್ಟಿದ್ದರು.

ಆ ಅಮ್ಮನ ವಿಷಯ ಇಲ್ಲಿ ಹೇಳಲೇಬೇಕು. ಯಡಿಯೂರು ಕೆರೆಯ ಹಿಂದಿನ ಬೀದಿಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಉಮಾಮಹೇಶ್ವರಿಗೆ ಮದುವೆ ಕೂಡಿಬರಲಿಲ್ಲ, ಆಮೇಲೆ ಅದರ ಯೋಚನೆಯೂ ಉಳಿಯಲಿಲ್ಲ. ಗುರುಶಾಂತಮ್ಮನವರಿಗೆ ಎಂಬತ್ತನಾಲ್ಕು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯ ಲಿಂಗಕ್ಕೆ ಮಾಡುವ ಪೂಜೆಯಲ್ಲಿ ಒಂದು ಎಳೆಯೂ ತಪ್ಪುವುದಿಲ್ಲ. ಪೂಜೆ ಮುಗಿಸಿ ಎದ್ದರೆ ಇದು ಯಾರ ಮನೆ ಎಂದು ಕೇಳುತ್ತಾರೆ. ಹಗಲು ಹೊತ್ತು ಪಕ್ಕದ ಮನೆಯ ಚೂಡಾಮಣಿ ಬಂದು ಜೊತೆಗಿರುತ್ತಾಳೆ.

ಅಮ್ಮನ ಮರೆವು ಶುರುವಾದದ್ದು ಒಂದು ಕ್ಯಾಲೆಂಡರಿನಿಂದ. ಬಿಪಿ ಮಾತ್ರೆ ನುಂಗಿದ ದಿನಗಳಿಗೆಲ್ಲ ಅಮ್ಮ ನೀಟಾಗಿ ಟಿಕ್ ಹಾಕುತ್ತಿದ್ದರು. ಒಂದು ದಿನ ಉಮಾಮಹೇಶ್ವರಿ ಡಬ್ಬಿ ತೆಗೆದು ನೋಡಿದರೆ ಹನ್ನೊಂದು ದಿನದ ಮಾತ್ರೆಗಳು ಹಾಗೇ ಇದ್ದವು. ಕ್ಯಾಲೆಂಡರಿನಲ್ಲಿ ಹನ್ನೊಂದು ಟಿಕ್‌ಗಳೂ ಇದ್ದವು. ತೋರಿಸಿದಾಗ ಅಮ್ಮ, "ನಾನು ನುಂಗಿದೀನಿ ಕಣೆ, ನೋಡು, ಬರೆದಿದೆಯಲ್ಲ" ಎಂದು ಎಷ್ಟು ನಂಬಿಕೆಯಿಂದ ಹೇಳಿದ್ದರೆಂದರೆ, ಆ ಮುಖ ಮಗಳಿಗೆ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಮಂಗಳವಾರ ಆ ಕೆಂಪಕ್ಷರ ಕಂಡಾಗ ಉಮಾಮಹೇಶ್ವರಿ ಮೊದಲು ಮಾಡಿದ ಕೆಲಸ ಇನ್ನೂರು ಪುಟದ ತಮ್ಮ ನೋಟ್‌ಬುಕ್ ತೆರೆದದ್ದು. ಸೋಮವಾರದ ಪುಟದಲ್ಲಿ ಅವರದೇ ದುಂಡು ಅಕ್ಷರದಲ್ಲಿ, 'ನಂ. ೧೪, ನಂಪೈ ಹಾಕಿದೆ, ಕೆಲಸ ಮಾಡುತ್ತಿದೆ' ಎಂದಿತ್ತು. ಪಕ್ಕದಲ್ಲಿ ಒಂದು ಟಿಕ್.

ಬೇರೆ ಮೆಷಿನ್ನಿಗೆ ಹಾಕಿ ಇದರ ನಂಬರ್ ಬರೆದಿರಬೇಕು ಎಂದು ಸಮಾಧಾನ ಮಾಡಿಕೊಂಡು ಸಾಲಿನ ಎಲ್ಲ ಮೆಷಿನ್ನುಗಳನ್ನೂ ನೋಡಿದರು. ಒಂದರಲ್ಲೂ ಇರಲಿಲ್ಲ. ಸರಿ, ಕೊನೆಯ ಎಂಟರ್ ಒತ್ತಿಲ್ಲವೇನೋ. ಮತ್ತೆ ಹಾಕಿದರು, ಈ ಸಲ ಹದಿನಾಲ್ಕು, ಹದಿನೈದು, ಹದಿನಾರು ಮೂರಕ್ಕೂ. ಸಂಜೆಯವರೆಗೂ ಎಲ್ಲವೂ ಹೇಳಿದ ಹಾಗೆ ಕೇಳಿದವು. ಐದು ಗಂಟೆಗೆ ಅಟೆಂಡರ್ ಗುಂಡಣ್ಣ ಬೀಗದ ಕೈಗೊಂಚಲು ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತು, "ಮೇಡಂ, ಮೇನ್ ಆಫ್ ಮಾಡ್ಲಾ?" ಎಂದ. ಮಾಡಿ ಎಂದು ಎದ್ದರು.

ಬುಧವಾರ ಬೆಳಿಗ್ಗೆ ಮೂರರಲ್ಲೂ ಇಲ್ಲ. ಡೆಸ್ಕ್‌ಟಾಪಿನ ಮೇಲೆ ಉಳಿಸಿದ್ದ ಅಭ್ಯಾಸದ ಫೈಲೂ ಇಲ್ಲ. ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದಿದ್ದೆನೋ ಏನೋ ಎಂದುಕೊಂಡರು.

ವಿಚಿತ್ರವೆಂದರೆ ಅದೇ ಬುಧವಾರ ಅವರ ತಲೆ ಎಂದಿಗಿಂತ ಚುರುಕಾಗಿ ಓಡಿತ್ತು. ಮತ್ತೆ ನಂಪೈ ಹಾಕಿ, ಕಳೆದ ವರ್ಷದ ಹತ್ತು ಮಕ್ಕಳ ಅಂಕ ಕೊಟ್ಟು ಮಾನಕ ವಿಚಲನೆ ಕೇಳಿದರೆ, ಬಂದ ಉತ್ತರ ಅವರು ಪೆನ್ಸಿಲ್ಲಿನಲ್ಲಿ ಮಾಡಿದ ಉತ್ತರಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಬೇರೆಯವರಾಗಿದ್ದರೆ ಮೆಷಿನ್ನು ಹೇಳಿದ್ದೇ ಸರಿ ಎನ್ನುತ್ತಿದ್ದರು. ಇವರು ಬಿಡಲಿಲ್ಲ. ಪಾಠದಲ್ಲಿ ಕಲಿಸುವುದು ಮಾದರಿಯ, ಅಂದರೆ ಸ್ಯಾಂಪಲ್ಲಿನ ಲೆಕ್ಕ, ಹತ್ತು ಜನರಿದ್ದರೆ ಒಂಬತ್ತರಿಂದ ಭಾಗಿಸಬೇಕು. ನಂಪೈ ತಾನಾಗಿ ಬಿಟ್ಟರೆ ಹತ್ತರಿಂದಲೇ ಭಾಗಿಸುತ್ತದೆ, ಬೇಕಾದರೆ ನಾವು ಬಿಡಿಸಿ ಹೇಳಬೇಕು. ಅರ್ಧ ಗಂಟೆಯಲ್ಲಿ ಅದನ್ನು ಪತ್ತೆಹಚ್ಚಿದರು. ಇಷ್ಟೆಲ್ಲ ಹೊಳೆಯುವ ತಲೆ ನಿನ್ನೆ ಮಾಡಿದ್ದನ್ನು ಮರೆಯುವುದುಂಟೇ ಎಂದು ಒಂದು ಕ್ಷಣ ಧೈರ್ಯ ಬಂತು. ಮರುಕ್ಷಣವೇ ನೆನಪಾಯಿತು, ಯಡಿಯೂರು ಮಾರ್ಕೆಟ್ಟಿನಿಂದ ಮನೆಗೆ ಬರುವ ದಾರಿ ತಪ್ಪಿದ ದಿನವೂ ಅಮ್ಮ ಹತ್ತೊಂಬತ್ತರ ಮಗ್ಗಿಯನ್ನು ತಡವರಿಸದೆ ಹೇಳಿದ್ದರು.

ಗುರುವಾರ ಬೆಳಿಗ್ಗೆ ಅಮ್ಮ ದೋಸೆ ತಿನ್ನುತ್ತ, ಇವತ್ತು ಯಾವ ವಾರ ಎಂದು ಕೇಳಿದರು. ಹೇಳಿದ್ದಾಯಿತು. ಎರಡನೇ ಸಲ ಕೇಳಿದರು. ಮೂರನೇ ಸಲ ಕೇಳಿದಾಗ ಉಮಾಮಹೇಶ್ವರಿ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿ, "ನನ್ನನ್ನ ಕೇಳಬೇಡ! ಇನ್ನೊಂದು ಸಲ ಕೇಳಿದ್ರೆ ನೋಡು!" ಎಂದು ಕಿರುಚಿದರು. ಕಿರುಚಿದ್ದು ಅಮ್ಮನ ಮೇಲಲ್ಲ, ತಮ್ಮೊಳಗಿನ ಹೆದರಿಕೆಯ ಮೇಲೆ. ಆದರೆ ಅದು ಬಂದು ಬಿದ್ದದ್ದು ಅಮ್ಮನ ಮೇಲೆಯೇ. ಗುರುಶಾಂತಮ್ಮ ತಿನ್ನುತ್ತಿದ್ದ ದೋಸೆಯನ್ನು ತಟ್ಟೆಯಲ್ಲಿಟ್ಟು, ಬೈಸಿಕೊಂಡ ಹುಡುಗಿಯ ಹಾಗೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಉಮಾಮಹೇಶ್ವರಿ ಅವರ ಮುಖ ನೋಡಲಾರದೆ ಚೀಲ ತಗುಲಿಸಿಕೊಂಡು ಹೊರಟುಬಿಟ್ಟರು.

ಶುಕ್ರವಾರ ಪ್ರಿನ್ಸಿಪಾಲರು ಹತ್ತು ಗಂಟೆಗೆ ಆಶ್ರಿತ್‌ನನ್ನು ಕರೆದುಕೊಂಡು ಲ್ಯಾಬಿಗೇ ಬಂದರು. ಸೋಮವಾರದ ತಯಾರಿ ನೋಡೋಣವೆಂದು ಹೇಳಿಯೇ ಬಂದದ್ದು. ಗುರುವಾರ ಸಂಜೆ ಉಮಾಮಹೇಶ್ವರಿ ಮೂರೂ ಮೆಷಿನ್ನುಗಳಿಗೆ ಹಾಕಿ, ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿ, ಪುಟ ತುಂಬ ಬರೆದಿಟ್ಟು ಹೋಗಿದ್ದರು. ಹದಿನಾಲ್ಕನೇ ಮೆಷಿನ್ನಿನ ಮುಂದೆ ಕೂತರು. ಟೈಪ್ ಮಾಡಿದರು. ಕೆಂಪಕ್ಷರ. ಹದಿನೈದರಲ್ಲೂ ಅದೇ, ಹದಿನಾರರಲ್ಲೂ ಅದೇ.

"ಒಂದ್ ನಿಮಿಷ ಮೇಡಂ," ಎಂದು ಆಶ್ರಿತ್ ಪಕ್ಕದಿಂದ ಬಗ್ಗಿ ಎರಡು ಪದ ಟೈಪ್ ಮಾಡಿದ. ಮೆಷಿನ್ನಿಗೆ ಹಾಕಿರುವುದರ ಪಟ್ಟಿ ಬಂತು. "ಇದ್ರಲ್ಲಿ ಇನ್‌ಸ್ಟಾಲೇ ಆಗಿಲ್ಲ ಮೇಡಂ. ಯಾರೂ ಹಾಕಿಲ್ಲ."

"ನಿನ್ನೆ ಸಂಜೆ ನಾನೇ ಹಾಕಿದೀನಿ ಆಶ್ರಿತ್."

"ಹಾಕಿದ್ರೆ ಲಿಸ್ಟಲ್ಲಿ ಬಂದೇ ಬರುತ್ತೆ ಮೇಡಂ," ಎಂದ ಅವನು, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ.

"ನೋಡಿ, ಬರೆದಿದೀನಿ," ಎಂದು ಉಮಾಮಹೇಶ್ವರಿ ನೋಟ್‌ಬುಕ್ಕಿನ ಪುಟ ತಿರುಗಿಸಿದರು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಗೊತ್ತಾಯಿತು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿ ನಕ್ಕರು. "ಇರ್ಲಿ ಬಿಡಿ ಮೇಡಂ. ವಯಸ್ಸಾಗ್ತಾ ಎಲ್ರಿಗೂ ಆಗುತ್ತೆ. ನಾನು ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತೀನಿ. ಸಂಜೆಯೊಳಗೆ ಯೋಚನೆ ಮಾಡಿ ಹೇಳಿ, ಟೈಮ್‌ಟೇಬಲ್ ಬದಲಾಯಿಸೋಣ."

ಅವರು ಹೋದ ಮೇಲೆ ಉಮಾಮಹೇಶ್ವರಿ ಸ್ಟಾಫ್ ರೂಮಿನಲ್ಲಿ ಕುಳಿತು ಪತ್ರ ಬರೆದರು. ನಾಲ್ಕೇ ಸಾಲು. ವೈಯಕ್ತಿಕ ಕಾರಣಗಳಿಂದ ಪ್ರಾಕ್ಟಿಕಲ್ ತರಗತಿಗಳನ್ನು ಬೇರೆಯವರಿಗೆ ವಹಿಸಬೇಕಾಗಿ ವಿನಂತಿ. ಪಾಠ ಹೋಗುವುದರ ದುಃಖ ಇತ್ತು, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಮ್ಮನಿಗಾದರೆ ನಾನಿದ್ದೇನೆ. ನನಗೆ ಹೀಗಾದರೆ ಇದು ಯಾರ ಮನೆ ಎಂದು ನಾನು ಯಾರನ್ನು ಕೇಳಲಿ? ನಾವಿಬ್ಬರೂ ಒಬ್ಬರನ್ನೊಬ್ಬರು ನೀವು ಯಾರೆಂದು ಕೇಳಿಕೊಂಡು ಕೂತಿರಬೇಕೇ? ಅಷ್ಟು ಹೊತ್ತು ತಡೆದಿದ್ದ ಅಳು ಬಂದೇಬಿಟ್ಟಿತು. ಸದ್ಯ, ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

ಪ್ರಿನ್ಸಿಪಾಲರು ಮೀಟಿಂಗಿಗೆ ಹೋಗಿದ್ದರು, ಐದೂವರೆಗೆ ಬರುತ್ತಾರೆಂದು ಆಫೀಸಿನವರು ಹೇಳಿದರು. ಅಷ್ಟರೊಳಗೆ ಬಿಟ್ಟುಬಂದಿದ್ದ ನೋಟ್‌ಬುಕ್ ತರೋಣವೆಂದು ಉಮಾಮಹೇಶ್ವರಿ ಲ್ಯಾಬಿಗೆ ಹೋದರು. ಗುಂಡಣ್ಣ ಕಿಟಕಿಗಳನ್ನು ಹಾಕುತ್ತಿದ್ದ. ಇಪ್ಪತ್ತಾರು ವರ್ಷದಿಂದ ಅದೇ ಕಾಲೇಜಿನಲ್ಲಿದ್ದವನು, ಮಿತಭಾಷಿ, ಹೇಳಿದ ಕೆಲಸ ಬಿಟ್ಟು ಮೇಲೊಂದು ಮಾತಾಡುವವನಲ್ಲ.

"ಇವತ್ತು ಕೂರಲ್ವಾ ಮೇಡಂ?" ಎಂದ.

ಉಮಾಮಹೇಶ್ವರಿ ನೋಟ್‌ಬುಕ್ ಎದೆಗವಚಿಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. ಕೇಳುವುದೋ ಬೇಡವೋ. ಈ ಒಂದು ಪ್ರಶ್ನೆ ಕೇಳಿಬಿಟ್ಟರೆ ನಾಳೆ ಕಾಲೇಜಿಗೆಲ್ಲ ಸುದ್ದಿಯಾಗಬಹುದು. ಆದರೂ ಕೇಳದೆ ಮನೆಗೆ ಹೋಗುವುದು ಅವರಿಂದ ಆಗಲಿಲ್ಲ.

"ಗುಂಡಣ್ಣ, ಒಂದು ಮಾತು ಕೇಳ್ತೀನಿ, ನಗಬಾರದು. ನಿನ್ನೆ ಸಂಜೆ ನಾನು ಇಲ್ಲಿ ಇದ್ನಾ?"

ಗುಂಡಣ್ಣ ಕಿಟಕಿಯ ಚಿಲಕ ಹಿಡಿದುಕೊಂಡೇ ತಿರುಗಿದ. "ಇದೇನ್ ಮೇಡಂ ಹೀಗ್ ಕೇಳ್ತೀರಾ? ಸೋಮವಾರದಿಂದ ದಿನಾ ಇದ್ರಿ. ನಿನ್ನೆ ಆ ಹದಿನಾಲ್ಕನೇ ಮೆಷಿನ್ನಲ್ಲಿ ಏನೋ ಬಂತು ಅಂತ ಒಬ್ರೇ ಚಪ್ಪಾಳೆ ಹೊಡ್ಕೊಂಡ್ರಿ. ನಾನು ಬಾಗ್ಲಲ್ಲಿ ನಿಂತು ನಕ್ಕೆ. ಆಮೇಲೆ ಪಕ್ಕದ ಎರಡಕ್ಕೂ ಹಾಕಿದ್ರಿ, ಪುಸ್ತಕದಲ್ಲಿ ಬರೆದ್ರಿ. ನಿಮ್ಮಿಂದ ನಂಗೆ ಬನಶಂಕರಿ ಬಸ್ಸು ತಪ್ಪೋಯ್ತು."

ಉಮಾಮಹೇಶ್ವರಿ ಹತ್ತಿರದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ನೀವು ನೋಡಿದ್ರಾ? ನಾನು ಹಾಕಿದ್ದು?"

"ನೋಡ್ದೆ ಏನು? ನಾಲ್ಕು ದಿನದಿಂದ ನೋಡ್ತಿದೀನಿ."

"ಹಾಗಾದ್ರೆ ಅದು ಎಲ್ಲಿ ಹೋಯ್ತು?"

"ಎಲ್ಲಿಗ್ ಹೋಗುತ್ತೆ, ಆಫ್ ಮಾಡಿದ್ರೆ ಹೋಯ್ತು ಅಷ್ಟೇ. ಈ ಲ್ಯಾಬಲ್ಲಿ ಏನ್ ಹಾಕಿದ್ರೂ ನಿಲ್ಲಲ್ಲ ಮೇಡಂ. ಮೂರು ವರ್ಷದ ಹಿಂದೆ ಹುಡುಗ್ರು ಗೇಮು, ಸಿನಿಮಾ ಎಲ್ಲ ತುಂಬಿಸಿ ಮೆಷಿನ್ ಹಾಳ್ ಮಾಡಿದ್ರಲ್ಲ, ಆವಾಗ ಸಂಗೀತಾ ಮೇಡಂ ಎಲ್ಲಕ್ಕೂ ಬೀಗ ಹಾಕ್ಸಿದ್ರು. ಮತ್ತೆ ಆನ್ ಮಾಡಿದ್ರೆ ಮೊದಲು ಹೆಂಗಿತ್ತೋ ಹಂಗೇ ಆಗೋಗುತ್ತೆ. ಪಾಸ್‌ವರ್ಡ್ ಕೊಟ್ಟು ಬೀಗ ತೆಗೆದು ಹಾಕಿದ್ರೆ ಮಾತ್ರ ಉಳಿಯೋದು." ಪರದೆಯ ಕೆಳಮೂಲೆಯಲ್ಲಿದ್ದ ಸಾಸಿವೆಯಷ್ಟು ಬೀಗದ ಚಿತ್ರವನ್ನು ಬೆರಳಿಟ್ಟು ತೋರಿಸಿದ.

ಸಂಗೀತಾ ಲ್ಯಾಬಿನ ಉಸ್ತುವಾರಿ ಲೆಕ್ಚರರು, ಎರಡು ತಿಂಗಳಿಂದ ಹೆರಿಗೆ ರಜೆಯಲ್ಲಿದ್ದಳು. ಕಂಪ್ಯೂಟರ್ ವಿಭಾಗದವರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಮೂವತ್ತೊಂದು ವರ್ಷದಲ್ಲಿ ಸಂಖ್ಯಾಶಾಸ್ತ್ರದವರು ಈ ಲ್ಯಾಬಿಗೆ ಕಾಲಿಟ್ಟಿದ್ದೇ ಈಗ. ಆಶ್ರಿತ್ ಜೂನ್‌ನಿಂದ ತನ್ನ ಸ್ವಂತ ಲ್ಯಾಪ್‌ಟಾಪ್ ಹಿಡಿದುಕೊಂಡೇ ಪಾಠ ಮಾಡುತ್ತಿದ್ದ.

"ನಾಲ್ಕು ದಿನದಿಂದ ನೋಡ್ತಿದೀರಿ. ಒಂದು ಮಾತು ಹೇಳಬಾರದಿತ್ತಾ ಗುಂಡಣ್ಣ?"

ಗುಂಡಣ್ಣ ತಲೆ ಕೆರೆದುಕೊಂಡ. "ನಿಮಗೆ ಗೊತ್ತಿಲ್ದೆ ಇರುತ್ತಾ ಅಂದ್ಕೊಂಡೆ ಮೇಡಂ. ಮಕ್ಕಳು ಸ್ಲೇಟ್ ಮೇಲೆ ಬರೆದು ಅಳಿಸಿ ಬರೆದು ಅಳಿಸಿ ಮಾಡ್ತಾರಲ್ಲ, ಹಂಗೆ ಪ್ರಾಕ್ಟೀಸ್ ಮಾಡ್ತಿದೀರಿ ಅಂತ. ಲೆಕ್ಚರರಿಗೆ ಅಟೆಂಡರ್ ಬಂದು ಕಂಪ್ಯೂಟರ್ ಪಾಠ ಹೇಳಿದ್ರೆ ಚೆನ್ನಾಗಿರುತ್ತಾ?"

ಅವನ ಸಂಕೋಚ ಒಂದು ಕಡೆ, ಇವರ ಬಿಗುಮಾನ ಇನ್ನೊಂದು ಕಡೆ. ನಡುವೆ ನಾಲ್ಕು ದಿನದಲ್ಲಿ ಒಂದು ಜೀವ ಅರ್ಧವಾಗಿತ್ತು. ಬೈಯಬೇಕೋ ಕೈ ಮುಗಿಯಬೇಕೋ ಉಮಾಮಹೇಶ್ವರಿಗೆ ತಿಳಿಯಲಿಲ್ಲ.

ಆದರೆ ಸಂಖ್ಯಾಶಾಸ್ತ್ರದವರು ಯಾರೋ ಹೇಳಿದರೆಂದು ನಂಬುವ ಪೈಕಿಯವರಲ್ಲ. ಹದಿನಾಲ್ಕನೇ ಮೆಷಿನ್ನಿನ ಮುಂದೆ ಕುಳಿತು, ಡೆಸ್ಕ್‌ಟಾಪಿನ ಮೇಲೆ ಒಂದು ಫೈಲು ಮಾಡಿ, ಅದರಲ್ಲಿ ತಮ್ಮ ಹೆಸರು ಬರೆದು ಉಳಿಸಿದರು. ಗುಂಡಣ್ಣನಿಗೂ ತೋರಿಸಿ, "ಇದೆ ತಾನೇ?" ಎಂದರು. ಇದೆ ಎಂದ. ಆಫ್ ಮಾಡಿ ಆನ್ ಮಾಡಿದರು. ಇಲ್ಲ. ಮತ್ತೆ ಮಾಡಿದರು. ಮತ್ತೆ ಇಲ್ಲ. ಮೂರನೇ ಸಲ ಮಾಡುವ ಅಗತ್ಯ ಏನೂ ಇರಲಿಲ್ಲ, ಬರೀ ಸಂತೋಷಕ್ಕೆ ಮಾಡಿದರು. ಫೈಲು ಮಾಯವಾದಾಗ ಜೋರಾಗಿ ನಕ್ಕರು, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು. ಗುಂಡಣ್ಣ ಗಾಬರಿಯಾಗಿ ಕುಡಿಯಲು ನೀರು ತಂದುಕೊಟ್ಟ. ಆವತ್ತೂ ಅವನಿಗೆ ಬಸ್ಸು ತಪ್ಪಿತು.

ಅಲ್ಲಿಂದಲೇ ಸಂಗೀತಾಗೆ ಫೋನ್ ಮಾಡಿದರು. ಹಿಂದಿನಿಂದ ಕೂಸು ಅಳುವುದು ಕೇಳಿಸುತ್ತಿತ್ತು. "ಅಯ್ಯೋ ಮೇಡಂ, ಸಾರಿ! ರಜೆ ಹಾಕೋ ಮುಂಚೆ ಎಲ್ಲರಿಗೂ ಹೇಳಿ ಬರ್ಬೇಕಿತ್ತು, ಮರ್ತೇಬಿಟ್ಟೆ ನೋಡಿ," ಎಂದು ಅವಳು ಪಾಸ್‌ವರ್ಡ್ ಹೇಳಿದಳು. ಮರೆತುಬಿಟ್ಟೆ ಎಂಬ ಮಾತನ್ನು ಆ ಮೂವತ್ತೆರಡರ ಹುಡುಗಿ ಎಷ್ಟು ಹಗುರವಾಗಿ ಆಡಿದಳೆಂದು ಉಮಾಮಹೇಶ್ವರಿಗೆ ಆಶ್ಚರ್ಯವಾಯಿತು. ಪರವಾಗಿಲ್ಲ ಕಣಮ್ಮ, ಎಲ್ಲರಿಗೂ ಆಗುತ್ತೆ ಎಂದು ಫೋನಿಟ್ಟರು.

ಶನಿವಾರ ಬೆಳಿಗ್ಗೆ ಉಮಾಮಹೇಶ್ವರಿ, ಆಶ್ರಿತ್, ಗುಂಡಣ್ಣ ಮೂವರೂ ಸೇರಿ ಮೂವತ್ತು ಮೆಷಿನ್ನುಗಳ ಬೀಗ ತೆಗೆದು, ನಂಪೈ ಹಾಕಿ, ಮತ್ತೆ ಬೀಗ ಹಾಕಿದರು. ಆಶ್ರಿತ್‌ಗೆ ಮುಖವೆತ್ತಿ ನೋಡಲು ನಾಚಿಕೆ. "ಆ ಬೀಗದ ಗುರ್ತು ನನ್ನ ಕಣ್ಣಿಗೇ ಬೀಳ್ಲಿಲ್ಲ ಮೇಡಂ," ಎಂದ. ಉಮಾಮಹೇಶ್ವರಿ ಅವನಿಗೆ ಹತ್ತಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ತೋರಿಸಿಕೊಟ್ಟರು. ಅವನಿಗೆ ಅದು ಗೊತ್ತಿರಲಿಲ್ಲ, ಇಷ್ಟು ದಿನ ಮಕ್ಕಳಿಗೆ ತಪ್ಪು ಲೆಕ್ಕವನ್ನೇ ಕೊಟ್ಟಿದ್ದೆ ಎಂದು ಒಪ್ಪಿಕೊಂಡ. ಮೇನ್ ಸ್ವಿಚ್ಚನ್ನು ಗುಂಡಣ್ಣನೇ ಆಫ್ ಮಾಡಿ ಆನ್ ಮಾಡಿದ. ಮೂವತ್ತೂ ಮೆಷಿನ್ನುಗಳು ನಂಪೈಯನ್ನು ಗುರುತು ಹಿಡಿದವು. ಮುಗಿಸಿದ ಮೆಷಿನ್ನುಗಳ ನಂಬರುಗಳನ್ನು ಉಮಾಮಹೇಶ್ವರಿ ಬರೆದುಕೊಂಡದ್ದು ಆ ನಾಲ್ಕು ಸಾಲಿನ ಪತ್ರದ ಹಿಂಭಾಗದಲ್ಲಿ.

ಮಧ್ಯಾಹ್ನ ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ಚೂಡಾಮಣಿ ಅವರಿಗೆ ಊಟ ಮಾಡಿಸಿ ಹೋಗಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಉಮಾಮಹೇಶ್ವರಿ ಪಕ್ಕದಲ್ಲಿ ಕುಳಿತು, ಕಾಲೇಜು, ಮೆಷಿನ್ನು, ಗುಂಡಣ್ಣ, ಬೀಗ ಎಲ್ಲವನ್ನೂ ಹೇಳಿದರು. ಗುರುಶಾಂತಮ್ಮ ಹೂಂ ಹೂಂ ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, ಎಲ್ಲಿಗೆ ಹೋಗಿದ್ದೆ ಎಂದರು. ಮತ್ತೆ ಹೇಳಿದರು. ಈ ಸಲ ಗುಂಡಣ್ಣನ ಹಾಗೆ ತಲೆ ಕೆರೆದು ತೋರಿಸಿದ್ದಕ್ಕೆ ಅಮ್ಮ ನಕ್ಕರು.

ಆ ನಗು ನೋಡಿದ ಮೇಲೆ ಉಮಾಮಹೇಶ್ವರಿಗೆ ತಡೆಯಲಾಗಲಿಲ್ಲ. ಅಮ್ಮನ ತಲೆಯ ಮೆಷಿನ್ನಿಗೆ ತೆಗೆಯಲು ಬೀಗವೂ ಇಲ್ಲ, ಕೊಡಲು ಪಾಸ್‌ವರ್ಡೂ ಇಲ್ಲ. ದೋಸೆ ಬಿಟ್ಟು ತೊಡೆಯ ಮೇಲೆ ಕೈಯಿಟ್ಟು ಕೂತಿದ್ದ ಅಮ್ಮ ಎರಡು ದಿನದಿಂದ ಕಣ್ಣ ಮುಂದೆಯೇ ಇದ್ದರು.

"ಅಮ್ಮ, ಗುರುವಾರ ನಿನ್ನ ಮೇಲೆ ಕಿರುಚಿಬಿಟ್ಟೆ. ತಪ್ಪಾಯ್ತು."

"ನೀನಾ? ಯಾವಾಗ?" ಗುರುಶಾಂತಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದರು, ಎಷ್ಟು ಹುಡುಕಿದರೂ ಅಲ್ಲೇನೂ ಸಿಕ್ಕಲಿಲ್ಲ. "ಹೋಗೆ, ನೀನು ಹಂಗೆಲ್ಲ ಕಿರುಚೋಳಲ್ಲ."

"ಕಿರುಚಿದೆ ಅಮ್ಮ. ನಿಂಗೆ ನೆನಪಿಲ್ಲ. ನಂಗೆ ನೆನಪಿದೆ."

ಅಮ್ಮ ಕೈ ಚಾಚಿ, ಮಗಳ ಹಣೆಯ ಮೇಲೆ ಬಿದ್ದಿದ್ದ ಬಿಳಿಗೂದಲನ್ನು ಕಿವಿಯ ಹಿಂದೆ ಸರಿಸಿದರು.

"ಹಂಗಾದ್ರೆ ಇನ್ನೊಂದ್ ಸಲ ಕಿರುಚಬೇಡ," ಎಂದರು.